ತಾರೀಖಿಗೆ ಅರ್ಥ ಕೂಡಿಸಿದವರು ಯಾರು?

(ಅಂತರರಾಷ್ಟ್ರೀಯ ದಿನಾಚರಣೆಗಳು ಮತ್ತು ಹಬ್ಬಗಳನ್ನು ಕುರಿತು ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ಕೈಬಿಟ್ಟು, ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಸೇರಿಸಿದೆ.)

ಸಭೆಗೆ ನಮಸ್ಕಾರ. ಪೀಠಿಕೆಯ ಬದಲು ಒಂದು ತಾರೀಖಿನಿಂದಲೇ ಮಾತು ಆರಂಭಿಸುತ್ತೇನೆ: ಮಾರ್ಚ್ 21. ವಿಶ್ವಸಂಸ್ಥೆಯ ದಿನಾಚರಣೆಗಳ ಪಟ್ಟಿಯಲ್ಲಿ ಈಗ ಇನ್ನೂರಕ್ಕೂ ಹೆಚ್ಚು ದಿನಗಳಿವೆ. ಆ ಪಟ್ಟಿಯಲ್ಲಿ ಮಾರ್ಚ್ 21ರ ಎದುರಿಗೆ ಜನಾಂಗೀಯ ತಾರತಮ್ಯ ನಿರ್ಮೂಲನಾ ದಿನವಿದೆ, ನೌರೂಜ್ ಇದೆ, ಡೌನ್ ಸಿಂಡ್ರೋಮ್ ದಿನವಿದೆ, ಕಾವ್ಯ ದಿನವಿದೆ, ಅರಣ್ಯ ದಿನವಿದೆ. 2025ರಿಂದ ಹಿಮನದಿಗಳ ದಿನವೂ ಅಲ್ಲಿಗೇ ಬಂದು ಸೇರಿದೆ. ಇಷ್ಟೊಂದು ಕಾರಣಗಳು ಕ್ಯಾಲೆಂಡರಿನ ಒಂದೇ ಚೌಕದೊಳಗೆ ಬಂದು ಕುಳಿತದ್ದು ಹೇಗೆ ಎಂದು ಕೇಳಿಕೊಂಡರೆ ಇಂದಿನ ವಿಷಯದ ಬಹುಪಾಲು ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ.

1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ, ಕಪ್ಪು ಜನರು ಎಲ್ಲಿಗೆ ಹೋದರೂ ಪಾಸ್ ಪುಸ್ತಕ ಇಟ್ಟುಕೊಂಡೇ ತಿರುಗಬೇಕೆಂಬ ಕಾನೂನನ್ನು ವಿರೋಧಿಸಿ ಪೊಲೀಸ್ ಠಾಣೆಯ ಮುಂದೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಮಂದಿ ಸತ್ತರೆಂದು ದಾಖಲೆ; ಅನೇಕರಿಗೆ ಗುಂಡು ತಗುಲಿದ್ದು ಬೆನ್ನಿಗೆ. 1966ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ಆ ತಾರೀಖನ್ನೇ ಜನಾಂಗೀಯ ತಾರತಮ್ಯದ ವಿರುದ್ಧದ ದಿನವೆಂದು ಸಾರಿತು. ನೌರೂಜ್ ಅಲ್ಲಿಗೆ ಬಂದದ್ದು ಆಕಾಶದ ದಾರಿಯಿಂದ: ಹಗಲೂ ಇರುಳೂ ಸರಿಸಮವಾಗುವ ವಸಂತ ವಿಷುವದ ಹೊತ್ತಿಗೆ ಹೊಸ ವರ್ಷವನ್ನು ಎದುರುಗೊಳ್ಳುವ ಪದ್ಧತಿ ಪರ್ಷಿಯಾದಿಂದ ಮಧ್ಯ ಏಷ್ಯಾದವರೆಗೆ ಸಾವಿರಾರು ವರ್ಷಗಳಿಂದ ನಡೆದು ಬಂದಿದ್ದು, ಸಾಮಾನ್ಯ ಸಭೆ ಅದಕ್ಕೆ ಮುದ್ರೆ ಒತ್ತಿದ್ದು 2010ರಲ್ಲಿ ಮಾತ್ರ. ಡೌನ್ ಸಿಂಡ್ರೋಮ್ ದಿನದ ಕಥೆ ಇನ್ನೂ ಬೇರೆ. ಇಪ್ಪತ್ತೊಂದನೆಯ ವರ್ಣತಂತು ಎರಡರ ಬದಲು ಮೂರು ಇದ್ದಾಗ ಆ ಸ್ಥಿತಿ ಉಂಟಾಗುತ್ತದೆ. ಆದ್ದರಿಂದ ಮೂರನೆಯ ತಿಂಗಳ ಇಪ್ಪತ್ತೊಂದು. ಒಂದು ತಾರೀಖನ್ನು ಸಾವು ತಂದಿತು, ಇನ್ನೊಂದನ್ನು ಸೂರ್ಯ ತಂದ, ಮತ್ತೊಂದನ್ನು ಅಂಕಿಯ ಚಮತ್ಕಾರ ತಂದಿತು. ಉಳಿದವು ಸಭೆಗಳಲ್ಲಿ ಚರ್ಚೆಯಾಗಿ ನಿಗದಿಯಾದಂಥವು.

ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು. ಯಾವ ತಾರೀಖಿಗೂ ಹುಟ್ಟಿನಿಂದ ಬಂದ ಅರ್ಥವಿಲ್ಲ. ಯಾರೋ, ಯಾವುದೋ ಕಾಲದಲ್ಲಿ, ಏನನ್ನೋ ಬಯಸಿ ಅರ್ಥವನ್ನು ಅಲ್ಲಿಗೆ ತಂದು ಇಟ್ಟಿರುತ್ತಾರೆ. ಒಂದು ದಿನವನ್ನು ಏಕೆ ಆಚರಿಸುತ್ತೇವೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೆ, ಅದನ್ನು ಅಲ್ಲಿ ಇಟ್ಟವರು ಯಾರು ಎಂದು ಮೊದಲು ಕೇಳಬೇಕು.

ಹಬ್ಬ ಎಂಬ ನಮ್ಮ ಪದ ಸಂಸ್ಕೃತದ ‘ಪರ್ವ’ದ ತದ್ಭವ. ಪರ್ವ ಎಂದರೆ ಗಿಣ್ಣು: ಬಿದಿರಿನಲ್ಲಿ, ಕಬ್ಬಿನಲ್ಲಿ, ಬೆರಳಿನಲ್ಲಿ ಒಂದು ತುಂಡು ಮುಗಿದು ಇನ್ನೊಂದು ತುಂಡು ಆರಂಭವಾಗುವ ಗಂಟು. ಮಹಾಭಾರತದ ಹದಿನೆಂಟು ಪರ್ವಗಳಲ್ಲಿರುವುದೂ ಇದೇ ಪದ. ಕಾಲವೆಂಬುದು ಎಲ್ಲಿಯೂ ಗುರುತಿಲ್ಲದೆ ಒಂದೇ ಸಮನೆ ಸಾಗುವ ಉದ್ದನೆಯ ಕೋಲಾಗಿದ್ದರೆ ಹಿಡಿದುಕೊಳ್ಳಲು ಗಿಣ್ಣುಗಳು ಬೇಕಾಗುತ್ತವೆ. ಹಳೆಯ ಹಬ್ಬಗಳು ಮಾಡುತ್ತಿದ್ದ ಮೊದಲ ಕೆಲಸ ಅದು. ಬಿತ್ತನೆ, ಸುಗ್ಗಿ, ಹುಣ್ಣಿಮೆ, ಅಮಾವಾಸ್ಯೆ, ಸೂರ್ಯ ತಿರುಗುವ ದಿನ, ಇವೆಲ್ಲ ಕಣ್ಣಿಗೆ ಕಾಣುವ ಗಂಟುಗಳಾದ್ದರಿಂದ ಅವುಗಳನ್ನು ಯಾರೂ ಘೋಷಿಸಬೇಕಾಗಿರಲಿಲ್ಲ. ಹಬ್ಬ ಏಕೆ ಎಂಬುದಕ್ಕೆ ಹೇಳುವ ಕಥೆಗಳಲ್ಲಿ ಬಹಳಷ್ಟು ಆಚರಣೆ ನೆಲೆನಿಂತ ಎಷ್ಟೋ ಕಾಲದ ಮೇಲೆ ಬಂದು ಸೇರಿಕೊಂಡವು.

ಆದರೆ ಆಕಾಶವನ್ನು ಓದುವ ಕ್ರಮ ಎಲ್ಲರದೂ ಒಂದೇ ಅಲ್ಲ. ಇಸ್ಲಾಮಿನ ಕಾಲಗಣನೆ ಶುದ್ಧ ಚಾಂದ್ರಮಾನವಾಗಿದ್ದು, ಹನ್ನೆರಡು ತಿಂಗಳು ಸೇರಿ 354 ಅಥವಾ 355 ದಿನಗಳಾಗುತ್ತವೆ. ಹಾಗಾಗಿ ರಂಜಾನ್ ಮಾಸ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕಿ ಬರುತ್ತದೆ. 2030ರಲ್ಲಿ ಅದು ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ ಆರಂಭವಾಗಲಿದೆ. ಚೀನೀ, ಯಹೂದಿ ಮತ್ತು ಹಿಂದೂ ಪಂಚಾಂಗಗಳು ಚಂದ್ರನನ್ನು ಹಿಡಿದೂ ಸೂರ್ಯನನ್ನು ಬಿಡಲೊಲ್ಲದೆ ನಡುನಡುವೆ ಅಧಿಕಮಾಸ ಸೇರಿಸಿ ಹಬ್ಬಗಳನ್ನು ತಮ್ಮ ಋತುವಿನಲ್ಲೇ ಉಳಿಸಿಕೊಳ್ಳುತ್ತವೆ. ಈಸ್ಟರ್ ಹಬ್ಬಕ್ಕೆ ವಿಷುವವೂ ಬೇಕು, ಹುಣ್ಣಿಮೆಯೂ ಬೇಕು, ಭಾನುವಾರವೂ ಬೇಕು. ಆದ್ದರಿಂದ ಅದು ಪಶ್ಚಿಮದ ಚರ್ಚುಗಳಲ್ಲಿ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು.

ಕ್ರಿಸ್‌ಮಸ್ ಇದಕ್ಕೆಲ್ಲ ಹೊರತಾಗಿ ಗಟ್ಟಿಯಾಗಿ ಡಿಸೆಂಬರ್ 25ಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಆದರೆ ಸುವಾರ್ತೆಗಳಲ್ಲಿ ಯೇಸುವಿನ ಜನನದ ತಾರೀಖೇ ಇಲ್ಲ. ಡಿಸೆಂಬರ್ 25ರ ಆಚರಣೆಗೆ ನಮಗೆ ಸಿಗುವ ಹಳೆಯ ಸಾಕ್ಷ್ಯ ನಾಲ್ಕನೆಯ ಶತಮಾನದ ರೋಮಿನದು, ಕ್ರಿ.ಶ. 336ರ ಸ್ಥಿತಿಯನ್ನು ಹೇಳುವ ಆ ಪಟ್ಟಿ 354ರ ಸಂಕಲನವೊಂದರಲ್ಲಿ ಉಳಿದು ಬಂದಿದೆ. ಆ ದಿನವನ್ನೇ ಆರಿಸಿದ್ದೇಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಚಳಿಗಾಲದಲ್ಲಿ ಸೂರ್ಯ ಮರಳಿ ಬೆಳೆಯತೊಡಗುವ ಹೊತ್ತಿನ ರೋಮನ್ ಸೂರ್ಯೋತ್ಸವದ ಸ್ಥಾನವನ್ನು ಹೊಸ ಧರ್ಮ ತನ್ನದಾಗಿಸಿಕೊಂಡಿತು ಎಂದು ಕೆಲವರು ಹೇಳಿದರೆ, ಮಾರ್ಚ್ 25ರಂದು ಗರ್ಭಧಾರಣೆಯಾಯಿತೆಂಬ ನಂಬಿಕೆಯಿಂದ ಒಂಬತ್ತು ತಿಂಗಳು ಲೆಕ್ಕ ಹಾಕಿ ಈ ದಿನಕ್ಕೆ ಬಂದರು ಎಂದು ಇನ್ನು ಕೆಲವರು ವಾದಿಸುತ್ತಾರೆ. ಇನ್ನು ರಷ್ಯಾ, ಸರ್ಬಿಯಾದಂಥ ದೇಶಗಳ ಆರ್ಥೊಡಾಕ್ಸ್ ಚರ್ಚುಗಳು ಆಚರಿಸುವುದೂ ಡಿಸೆಂಬರ್ 25ನ್ನೇ. ಅವರ ಜೂಲಿಯನ್ ಕ್ಯಾಲೆಂಡರ್ 13 ದಿನ ಹಿಂದಿರುವುದರಿಂದ ಅದು ನಮ್ಮ ಗೋಡೆಯ ಮೇಲೆ ಜನವರಿ 7 ಆಗಿ ಕಾಣುತ್ತದೆ. ಉಕ್ರೇನ್ 2023ರಲ್ಲಿ ಕಾನೂನನ್ನೇ ಮಾಡಿ ಕ್ರಿಸ್‌ಮಸ್ ರಜೆಯನ್ನು ಜನವರಿ 7ರಿಂದ ಡಿಸೆಂಬರ್ 25ಕ್ಕೆ ಬದಲಿಸಿತು. ಯುದ್ಧದ ನಡುವೆ ಒಂದು ದೇಶ ಹಬ್ಬದ ತಾರೀಖನ್ನು ಬದಲಿಸುವುದರ ಅರ್ಥ ಧರ್ಮಶಾಸ್ತ್ರಕ್ಕೆ ಸೀಮಿತವಾದುದಲ್ಲವೆಂದು ಯಾರಿಗಾದರೂ ಹೊಳೆಯುತ್ತದೆ.

ಕ್ಯಾಲೆಂಡರುಗಳ ವ್ಯತ್ಯಾಸದ ಮಾತು ಬಂದದ್ದರಿಂದ ಒಂದು ಸಣ್ಣ ವಿಷಯಾಂತರ. ಯುನೆಸ್ಕೊ 1995ರಲ್ಲಿ ಏಪ್ರಿಲ್ 23ನ್ನು ಪುಸ್ತಕ ಮತ್ತು ಕೃತಿಸ್ವಾಮ್ಯ ದಿನವೆಂದು ಸಾರಿದಾಗ, ಶೇಕ್ಸ್‌ಪಿಯರ್ ಮತ್ತು ಸೆರ್ವಾಂಟಿಸ್ ಇಬ್ಬರೂ 1616ರ ಇದೇ ದಿನ ತೀರಿಕೊಂಡರೆಂಬ ಮಾತನ್ನು ಕಾರಣವಾಗಿ ಮುಂದಿಟ್ಟಿತು. ಆದರೆ ಆಗ ಸ್ಪೇನ್ ನಾವು ಇಂದು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿತ್ತು, ಇಂಗ್ಲೆಂಡ್ ಜೂಲಿಯನ್ನಿನಲ್ಲಿತ್ತು. ತಾರೀಖು ಒಂದೇ ಆದರೂ ನಡುವೆ ಹತ್ತು ದಿನಗಳ ಅಂತರವಿತ್ತು. ಸೆರ್ವಾಂಟಿಸ್ ನಿಧನರಾದದ್ದು 22ರಂದು, 23 ಅವರ ಅಂತ್ಯಸಂಸ್ಕಾರದ ದಿನ ಎಂಬುದು ಈಗಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇದರಿಂದ ಪುಸ್ತಕ ದಿನಕ್ಕೆ ಯಾವ ಕುಂದೂ ಬರಲಿಲ್ಲ.

ಈಗ ಘೋಷಿತ ದಿನಗಳಿಗೆ ಬರೋಣ. ಹಬ್ಬಕ್ಕೂ ಇವುಗಳಿಗೂ ಇರುವ ಮುಖ್ಯ ಭೇದವೆಂದರೆ, ಹಬ್ಬ ತನ್ನ ಕಾರಣವನ್ನು ಹೇಳದೆಯೂ ನಡೆಯುತ್ತದೆ, ಘೋಷಿತ ದಿನ ಹುಟ್ಟುವುದೇ ಕಾರಣವನ್ನು ಬರವಣಿಗೆಯಲ್ಲಿ ಒಪ್ಪಿಸಿದ ಮೇಲೆ. ಒಂದು ಸದಸ್ಯ ರಾಷ್ಟ್ರ ಕರಡು ನಿರ್ಣಯವನ್ನು ಸಿದ್ಧಪಡಿಸುತ್ತದೆ, ಬೇರೆ ರಾಷ್ಟ್ರಗಳ ಸಹಪ್ರಾಯೋಜನೆಯನ್ನು ಗಳಿಸುತ್ತದೆ, ಸಾಮಾನ್ಯ ಸಭೆ ಅದನ್ನು ಬಹುಮಟ್ಟಿಗೆ ಮತಕ್ಕೆ ಹಾಕದೆ ಒಮ್ಮತದಿಂದಲೇ ಅಂಗೀಕರಿಸುತ್ತದೆ. ಯೋಗ ದಿನದ ನಿರ್ಣಯಕ್ಕೆ 2014ರ ಡಿಸೆಂಬರಿನಲ್ಲಿ 177 ದೇಶಗಳು ಸಹಪ್ರಾಯೋಜಕರಾಗಿದ್ದವು. ಸಂತೋಷದ ದಿನವನ್ನು ತಂದದ್ದು ಭೂತಾನ್, ಜೇನುನೊಣಗಳ ದಿನವನ್ನು ತಂದದ್ದು ಸ್ಲೊವೇನಿಯಾ, ಶೌಚಾಲಯ ದಿನವನ್ನು ವಿಶ್ವಸಂಸ್ಥೆಯ ಮುಂದಿಟ್ಟದ್ದು ಸಿಂಗಪುರ. ದೊಡ್ಡ ಸೈನ್ಯವಾಗಲಿ ವಿಟೋ ಅಧಿಕಾರವಾಗಲಿ ಇಲ್ಲದ ಸಣ್ಣ ದೇಶಗಳಿಗೆ ಜಗತ್ತಿನ ಕ್ಯಾಲೆಂಡರಿನಲ್ಲಿ ತಮ್ಮ ಗುರುತು ಮೂಡಿಸಲು ಇದು ಕೈಗೆಟಕುವ ದಾರಿ ಎಂಬುದನ್ನು ಗಮನಿಸಬೇಕು. ಜೊತೆಗೆ, ಇಂಥ ನಿರ್ಣಯಗಳ ಕೊನೆಯಲ್ಲಿ ಸಾಮಾನ್ಯವಾಗಿ ಇನ್ನೊಂದು ವಾಕ್ಯವಿರುತ್ತದೆ: ಆಚರಣೆಯ ಖರ್ಚನ್ನು ಸ್ವಯಂಪ್ರೇರಿತ ದೇಣಿಗೆಗಳಿಂದ ಭರಿಸತಕ್ಕದ್ದು. ದಿನವನ್ನು ಕೊಡುತ್ತಾರೆ, ಹಣ ಕೊಡುವುದಿಲ್ಲ.

ಒಮ್ಮತ ಮುರಿದು ಬಿದ್ದ ಉದಾಹರಣೆಗಳೂ ಇವೆ, ಮತ್ತು ಅವೇ ಹೆಚ್ಚು ಪಾಠ ಹೇಳುತ್ತವೆ. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಬೋಸ್ನಿಯಾ ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದ ನರಮೇಧದ ಸ್ಮರಣೆಗಾಗಿ ಜುಲೈ 11ನ್ನು ಮೀಸಲಿಡುವ ನಿರ್ಣಯ 2024ರ ಮೇ ತಿಂಗಳಲ್ಲಿ ಮತಕ್ಕೆ ಬಂದಾಗ, 84 ದೇಶಗಳು ಪರವಾಗಿ, 19 ವಿರುದ್ಧವಾಗಿ ಮತ ಹಾಕಿದವು, 68 ದೇಶಗಳು ಯಾರ ಪರವೂ ಕೈಯೆತ್ತದೆ ತಟಸ್ಥವಾಗಿ ಉಳಿದವು. ಅಂತರರಾಷ್ಟ್ರೀಯ ನ್ಯಾಯಾಲಯಗಳು ನರಮೇಧವೆಂದೇ ತೀರ್ಪಿತ್ತ ಘಟನೆಯ ಸ್ಮರಣೆಗೂ ಒಂದು ತಾರೀಖು ಸುಲಭವಾಗಿ ಸಿಗಲಿಲ್ಲ. ದಿನಾಚರಣೆಯೆಂದರೆ ಭಾಷಣ, ಹಾರ, ತುರಾಯಿಗಳ ನಿರುಪದ್ರವಿ ಕಾರ್ಯಕ್ರಮವೆಂದು ಭಾವಿಸಿರುವವರು ಈ ಮತಗಳ ಲೆಕ್ಕವನ್ನು ಒಮ್ಮೆ ನೋಡಬೇಕು.

ಒಂದು ದಿನ ಹುಟ್ಟಿ ಬೆಳೆದದ್ದನ್ನು ಹತ್ತಿರದಿಂದ ನೋಡಬೇಕೆಂದರೆ ನಾನು ತಾಯ್ನುಡಿ ದಿನವಾದ ಫೆಬ್ರವರಿ 21ನ್ನು ಆರಿಸಿಕೊಳ್ಳುತ್ತೇನೆ. ಪಾಕಿಸ್ತಾನದ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬಂಗಾಳಿ ಮಾತನಾಡುತ್ತಿದ್ದಾಗಲೂ ಉರ್ದು ಒಂದೇ ರಾಷ್ಟ್ರಭಾಷೆಯಾಗಬೇಕೆಂದು ಅದರ ಆಡಳಿತ ಪಟ್ಟು ಹಿಡಿದಿತ್ತು. 1952ರ ಫೆಬ್ರವರಿ 21ರಂದು, ಆಗ ಪಾಕಿಸ್ತಾನಕ್ಕೆ ಸೇರಿದ್ದ ಢಾಕಾದ ವಿದ್ಯಾರ್ಥಿಗಳು 144ನೆಯ ಸೆಕ್ಷನ್ನಿನ ನಿಷೇಧಾಜ್ಞೆಯನ್ನು ಮುರಿದು ಹೊರಟಾಗ, ವೈದ್ಯಕೀಯ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿದರು. ರಫೀಕ್, ಬರಕತ್, ಜಬ್ಬಾರ್, ಸಲಾಂ ಎಂಬ ಹೆಸರುಗಳು ಆ ದಿನದೊಂದಿಗೆ ಸೇರಿಹೋಗಿವೆ. ಸಲಾಂ ಗುಂಡೇಟಿನಿಂದ ನರಳಿ ಏಪ್ರಿಲ್ 7ರಂದು ತೀರಿಕೊಂಡರು. ಎರಡು ದಿನದ ಮೇಲೆ, ಫೆಬ್ರವರಿ 23ರ ರಾತ್ರಿ, ವಿದ್ಯಾರ್ಥಿಗಳು ತಾವೇ ಇಟ್ಟಿಗೆ ಹೊತ್ತು ರಾತ್ರೋರಾತ್ರಿ ಒಂದು ಸ್ಮಾರಕ ಕಟ್ಟಿದರು. 26ರಂದು ಪೊಲೀಸರು ಅದನ್ನು ಒಡೆದು ಹಾಕಿದರು. ಇಟ್ಟಿಗೆಯ ಸ್ಮಾರಕವನ್ನು ಕೆಡವಿದರೂ ತಾರೀಖನ್ನು ಕೆಡವುವುದು ಸಾಧ್ಯವಾಗಲಿಲ್ಲ. ವರ್ಷ ವರ್ಷವೂ ಜನ ಆ ದಿನ ಬೆಳಗಿನ ಜಾವ ಬರಿಗಾಲಿನಲ್ಲಿ ನಡೆದು ಹೋಗತೊಡಗಿದರು. 1956ರ ಸಂವಿಧಾನದಲ್ಲಿ ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ಸಿಕ್ಕಿತು.

ಅಲ್ಲಿಯವರೆಗೂ, ಅದರ ನಂತರದ ನಾಲ್ಕು ದಶಕಗಳ ಕಾಲವೂ, ಅದು ಬಂಗಾಳಿಗಳ ದಿನವಾಗಿಯೇ ಇತ್ತು. 1998ರ ಜನವರಿಯಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ನೆಲೆಸಿದ್ದ ರಫೀಕುಲ್ ಇಸ್ಲಾಂ ಎಂಬವರು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರಿಗೆ ಪತ್ರ ಬರೆದು, ಜಗತ್ತಿನ ಎಲ್ಲ ತಾಯ್ನುಡಿಗಳಿಗಾಗಿ ಈ ದಿನವನ್ನು ಮೀಸಲಿಡಬೇಕೆಂದು ಕೋರಿದರು. ಅವರ ಜೊತೆಗೆ ನಿಂತ ಗೆಳೆಯರ ಹೆಸರು ಅಬ್ದುಸ್ ಸಲಾಂ. 1952ರ ಹುತಾತ್ಮರಲ್ಲಿ ಇಬ್ಬರ ಹೆಸರೂ ರಫೀಕ್ ಮತ್ತು ಸಲಾಂ ಆಗಿದ್ದದ್ದು ಕಾಕತಾಳೀಯ, ಆದರೆ ಆ ಕಥೆ ಹೇಳುವವರು ಅದನ್ನು ಎಂದೂ ಬಿಡುವುದಿಲ್ಲ. ನಾನೂ ಬಿಡಲಾರದೆ ಹೋದೆ. ವ್ಯಕ್ತಿಗಳ ಕೋರಿಕೆಯಿಂದ ದಿನ ಘೋಷಣೆಯಾಗುವುದಿಲ್ಲ, ಒಂದು ಸರ್ಕಾರ ಮುಂದೆ ಬರಬೇಕು ಎಂದು ತಿಳಿದ ಮೇಲೆ ಅವರು ಬೇರೆ ಬೇರೆ ಭಾಷೆಗಳ ಜನರನ್ನು ಕೂಡಿಸಿಕೊಂಡು ಪತ್ರವ್ಯವಹಾರ ಮುಂದುವರಿಸಿದರು, ಕೊನೆಗೆ ಬಾಂಗ್ಲಾದೇಶ ಸರ್ಕಾರ ಪ್ರಸ್ತಾವವನ್ನು ಯುನೆಸ್ಕೊಗೆ ಸಲ್ಲಿಸಿತು. 1999ರ ನವೆಂಬರ್ 17ರಂದು ಪ್ಯಾರಿಸ್ಸಿನಲ್ಲಿ ಅದು ಅಂಗೀಕಾರವಾಯಿತು. ಅಂದು ಬಂಗಾಳಿಯ ದಿನವೊಂದು ತುಳುವಿನ, ಕೊಡವದ, ಮಾವೊರಿಯ, ವೆಲ್ಶ್‌ನ ದಿನವೂ ಆಯಿತು.

ಮಾರ್ಚ್ 8ರ ಮಹಿಳಾ ದಿನ ಇದಕ್ಕಿಂತ ಅಡ್ಡಾದಿಡ್ಡಿಯಾಗಿ ನಡೆದು ಬಂದದ್ದು. ಅಮೆರಿಕದ ಸಮಾಜವಾದಿ ಪಕ್ಷ 1909ರ ಫೆಬ್ರವರಿ 28ರಂದು ಒಂದು ಮಹಿಳಾ ದಿನವನ್ನು ಆಚರಿಸಿತು. 1910ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಕ್ಲಾರಾ ಜೆಟ್ಕಿನ್ ಮತ್ತು ಅವರ ಸಂಗಾತಿಗಳು ಎಲ್ಲ ದೇಶಗಳಲ್ಲೂ ಇಂಥದೊಂದು ದಿನವಿರಬೇಕೆಂದು ಸೂಚಿಸಿದರು, ಆದರೆ ತಾರೀಖನ್ನು ಗೊತ್ತುಮಾಡಲಿಲ್ಲ. ಮುಂದಿನ ವರ್ಷ ಆಸ್ಟ್ರಿಯಾ, ಡೆನ್ಮಾರ್ಕ್, ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಅದು ನಡೆದದ್ದು ಮಾರ್ಚ್ 19ರಂದು. ಮಾರ್ಚ್ 8 ನೆಲೆಯಾದದ್ದು 1917ರಲ್ಲಿ ರಷ್ಯಾದ ರಾಜಧಾನಿಯಾಗಿದ್ದ ಪೆಟ್ರೊಗ್ರಾಡಿನಿಂದ: ಯುದ್ಧದ ಮೂರನೆಯ ಚಳಿಗಾಲದಲ್ಲಿ ರೊಟ್ಟಿಗಾಗಿ ಸಾಲುಗಟ್ಟಿ ನಿಂತು ಬೇಸತ್ತಿದ್ದ ಬಟ್ಟೆ ಗಿರಣಿಗಳ ಹೆಂಗಸರು ಕೆಲಸ ನಿಲ್ಲಿಸಿ ಬೀದಿಗೆ ಇಳಿದರು, ಒಂದು ವಾರದೊಳಗೆ ತ್ಸಾರ್ ಸಿಂಹಾಸನ ಬಿಟ್ಟ. ರಷ್ಯಾದ ಅಂದಿನ ಕ್ಯಾಲೆಂಡರಿನಲ್ಲಿ ಆ ದಿನ ಫೆಬ್ರವರಿ 23 ಆಗಿದ್ದರಿಂದಲೇ ಇತಿಹಾಸದ ಪುಸ್ತಕಗಳು ಅದನ್ನು ಫೆಬ್ರವರಿ ಕ್ರಾಂತಿ ಎನ್ನುತ್ತವೆ. ವಿಶ್ವಸಂಸ್ಥೆ ಈ ದಿನವನ್ನು ಆಚರಿಸತೊಡಗಿದ್ದು 1975ರಲ್ಲಿ.

ಎಷ್ಟೋ ವೇದಿಕೆಗಳಲ್ಲಿ ಇನ್ನೊಂದು ಕಥೆ ಕೇಳಿಬರುತ್ತದೆ: 1857ರ ಮಾರ್ಚ್ 8ರಂದು ನ್ಯೂಯಾರ್ಕಿನ ಸಿದ್ಧಉಡುಪು ಕಾರ್ಮಿಕ ಮಹಿಳೆಯರು ಮೆರವಣಿಗೆ ನಡೆಸಿದರು, ಅದರ ನೆನಪಿಗೆ ಈ ದಿನ ಎಂದು. ಇತಿಹಾಸಕಾರರು ಹುಡುಕಿದಾಗ ಅಂಥ ಮೆರವಣಿಗೆಗೆ ಆ ಕಾಲದ ಆಧಾರ ಸಿಗಲಿಲ್ಲ. ಕಥೆ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು 1950ರ ದಶಕದ ಫ್ರಾನ್ಸಿನಲ್ಲಿ. ಶೀತಲ ಸಮರದ ಆ ದಿನಗಳಲ್ಲಿ ಮಹಿಳಾ ದಿನದ ಬೇರನ್ನು ಸೋವಿಯತ್ ನೆಲದಿಂದ ಕಿತ್ತು ಬೇರೆಡೆ ನೆಡುವ ಬಯಕೆಯಿಂದ ಅದು ಹುಟ್ಟಿರಬೇಕೆಂದು ಕೆಲವರು ಊಹಿಸುತ್ತಾರೆ. ಅಡ್ಡಾದಿಡ್ಡಿಯಾದ ನಿಜಕ್ಕಿಂತ ಅಚ್ಚುಕಟ್ಟಾದ ಕಥೆಯನ್ನು ಹೇಳುವುದು ಸುಲಭವಾದ್ದರಿಂದ ಭಾಷಣಕಾರರು ಇಂದಿಗೂ ಅದನ್ನು ಬಿಟ್ಟಿಲ್ಲ.

ತಾರೀಖುಗಳೆಲ್ಲ ರಕ್ತದಿಂದಲೂ ಹೋರಾಟದಿಂದಲೂ ಬಂದವು ಎಂದುಕೊಳ್ಳಬಾರದು. ಕೆಲವು ಬಂದದ್ದು ಶುದ್ಧ ವ್ಯವಹಾರ ಬುದ್ಧಿಯಿಂದ. 1987ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಜೇಮ್ಸ್ ಬನ್ ಮತ್ತು ಥಾಮಸ್ ನೆಟರ್ ಎಂಬ ಇಬ್ಬರು ಸಾರ್ವಜನಿಕ ಮಾಹಿತಿ ಅಧಿಕಾರಿಗಳು ಏಡ್ಸ್ ಕುರಿತ ದಿನವೊಂದನ್ನು ಯೋಚಿಸಿದರು. ಬನ್ ಹಿಂದೆ ಟೆಲಿವಿಷನ್ ಪತ್ರಕರ್ತರಾಗಿದ್ದವರು. ಮುಂದಿನ ವರ್ಷ ಅಮೆರಿಕದ ಚುನಾವಣೆ ನವೆಂಬರಿನಲ್ಲಿ ಮುಗಿದಿರುತ್ತದೆ, ಕ್ರಿಸ್‌ಮಸ್ ಗದ್ದಲ ಇನ್ನೂ ಆರಂಭವಾಗಿರುವುದಿಲ್ಲ, ಪತ್ರಿಕೆಗಳು ಸುದ್ದಿಗಾಗಿ ಹುಡುಕುತ್ತಿರುತ್ತವೆ, ಆದ್ದರಿಂದ ಡಿಸೆಂಬರ್ 1 ಎಂಬುದು ಅವರ ಲೆಕ್ಕ. 1988ರಿಂದ ಆ ದಿನ ತಪ್ಪದೆ ನಡೆಯುತ್ತಿದೆ. 1970ರ ಮೊದಲ ಭೂಮಿ ದಿನಕ್ಕೆ ಏಪ್ರಿಲ್ 22 ಗೊತ್ತಾದದ್ದೂ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ವಸಂತ ರಜೆ ಮುಗಿದು ಪರೀಕ್ಷೆ ಇನ್ನೂ ಆರಂಭವಾಗದ ಸಂದು ನೋಡಿ. ಆ ದಿನ ಸುಮಾರು ಎರಡು ಕೋಟಿ ಜನ ಭಾಗವಹಿಸಿದರೆಂದು ಅಂದಾಜು. ಪ್ರಾಣ ಹಿಂಡುವ ರೋಗಕ್ಕೂ ಪರಿಸರಕ್ಕೂ ಪರೀಕ್ಷೆಯ ವೇಳಾಪಟ್ಟಿ, ಪತ್ರಿಕೆಯ ಖಾಲಿ ಪುಟ ನೋಡಿ ದಿನ ಗೊತ್ತುಮಾಡುವುದು ಮೊದಲ ನೋಟಕ್ಕೆ ಲಘುವೆನಿಸಬಹುದು. ಜನ ಕಿವಿಗೊಡುವ ಹೊತ್ತನ್ನು ಅರಿತು ಮಾತನಾಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ದಿನವನ್ನು ಇಟ್ಟವರ ಕೈಯಿಂದ ಅದು ಜಾರಿಹೋದದ್ದೂ ಉಂಟು. ಅಮೆರಿಕದ ಆನ್ ರೀವ್ಸ್ ಜಾರ್ವಿಸ್ ತಾಯಂದಿರನ್ನು ಸಂಘಟಿಸಿ ಶುಚಿತ್ವ ಮತ್ತು ಮಕ್ಕಳ ಆರೋಗ್ಯಕ್ಕಾಗಿ ದುಡಿದವರು. 1905ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಆನಾ ಜಾರ್ವಿಸ್ 1908ರ ಮೇ 10ರಂದು ಪಶ್ಚಿಮ ವರ್ಜೀನಿಯಾದ ಗ್ರಾಫ್ಟನ್ನಿನ ಚರ್ಚಿನಲ್ಲಿ ತಾಯಿಯ ಹೆಸರಿನಲ್ಲಿ ಪ್ರಾರ್ಥನೆ ಏರ್ಪಡಿಸಿ, ಅವರಿಗೆ ಪ್ರಿಯವಾಗಿದ್ದ 500 ಬಿಳಿಯ ಕಾರ್ನೇಷನ್ ಹೂಗಳನ್ನು ಕಳಿಸಿಕೊಟ್ಟರು. ಎಡೆಬಿಡದೆ ಪತ್ರ ಬರೆದು ಒತ್ತಾಯಿಸಿದ್ದರ ಫಲವಾಗಿ 1914ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಮೇ ತಿಂಗಳ ಎರಡನೆಯ ಭಾನುವಾರವನ್ನು ತಾಯಂದಿರ ದಿನವೆಂದು ಸಾರಿದರು. ಇಂಗ್ಲಿಷಿನಲ್ಲಿ ಆ ಹೆಸರನ್ನು ಏಕವಚನದಲ್ಲೇ ಬರೆಯಬೇಕೆಂದು ಆನಾ ಹಟ ಹಿಡಿದಿದ್ದರು. ಅದು ತಾಯಂದಿರೆಲ್ಲರ ದಿನವಾಗುವ ಮೊದಲು ಒಬ್ಬೊಬ್ಬರಿಗೂ ತಮ್ಮ ತಮ್ಮ ತಾಯಿಯ ದಿನವಾಗಿರಬೇಕು ಎಂಬುದು ಅವರ ಭಾವನೆ. ಹತ್ತು ವರ್ಷ ಕಳೆಯುವುದರೊಳಗೆ ಹೂವಿನ ವ್ಯಾಪಾರಿಗಳು, ಶುಭಾಶಯ ಪತ್ರದ ಮುದ್ರಕರು, ಮಿಠಾಯಿ ತಯಾರಕರು ದಿನವನ್ನು ತಮ್ಮದಾಗಿಸಿಕೊಂಡಿದ್ದರು. ಅಚ್ಚು ಹಾಕಿದ ಪತ್ರ ಕೊಳ್ಳುವವರು ಕೈಯಾರೆ ನಾಲ್ಕು ಸಾಲು ಬರೆಯಲಾರದ ಸೋಮಾರಿಗಳೆಂದು ಜರೆಯುತ್ತ, ತಾವೇ ತಂದ ದಿನವನ್ನು ರದ್ದುಪಡಿಸಲು ಸಹಿ ಸಂಗ್ರಹಿಸುತ್ತ, ಕೈಯಲ್ಲಿದ್ದ ಹಣವನ್ನೆಲ್ಲ ಆ ಹೋರಾಟಕ್ಕೇ ಸುರಿದ ಆನಾ 1948ರ ನವೆಂಬರಿನಲ್ಲಿ ಒಂದು ಆರೋಗ್ಯಧಾಮದಲ್ಲಿ ಕೊನೆಯುಸಿರೆಳೆದರು. ಅವರಿಗೆ ಮಕ್ಕಳಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ, ದಿನ ಆಚರಿಸುವುದರಿಂದ ಏನಾದರೂ ಆಗುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಸೆಪ್ಟೆಂಬರ್ 16 ಓಜೋನ್ ದಿನ; 1987ರಲ್ಲಿ ಆ ದಿನ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಯಾವ ಅನಿಲವನ್ನು ಯಾವ ವರ್ಷದೊಳಗೆ ಎಷ್ಟು ತಗ್ಗಿಸಬೇಕೆಂಬ ಲೆಕ್ಕ, ಬಡ ದೇಶಗಳಿಗೆ ಹೆಚ್ಚಿನ ಕಾಲಾವಕಾಶ, ಅವುಗಳಿಗಾಗಿ ನಿಧಿ, ಇವೆಲ್ಲ ಒಪ್ಪಂದದಲ್ಲೋ ಅದರ ತಿದ್ದುಪಡಿಗಳಲ್ಲೋ ಸೇರಿದವು; ದಿನದ ಘೋಷಣೆ ಬಂದದ್ದು ಏಳು ವರ್ಷಗಳ ಮೇಲೆ, 1994ರಲ್ಲಿ. ಅಂಟಾರ್ಕ್ಟಿಕದ ಮೇಲಿನ ಓಜೋನ್ ಪದರ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುವುದೆಂದು ವಿಜ್ಞಾನಿಗಳ ಇತ್ತೀಚಿನ ಅಂದಾಜು. ಮಾರ್ಚ್ 24 ಕ್ಷಯರೋಗ ದಿನ; 1882ರ ಆ ದಿನ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದರು. ರೋಗಾಣು ಗೊತ್ತಿದೆ, ಔಷಧ ಗೊತ್ತಿದೆ, ದಿನವನ್ನು 1982ರಿಂದ ಆಚರಿಸಲಾಗುತ್ತಿದೆ, ಆದರೂ ಈಗಲೂ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಅದರಿಂದ ಸಾಯುತ್ತಿದ್ದಾರೆ. ಹಿಂದೆ ಗಡುವೂ ಹಣವೂ ಹೊಣೆಗಾರಿಕೆಯೂ ಇದ್ದ ಕಡೆ ದಿನಾಚರಣೆ ವಾರ್ಷಿಕ ಲೆಕ್ಕ ಒಪ್ಪಿಸುವ ದಿನವಾಗುತ್ತದೆ; ಅವು ಕಡಿಮೆಯಾದ ಕಡೆ ಅದು ಬಾಕಿಯನ್ನು ಓದಿ ಹೇಳುವ ದಿನವಾಗುತ್ತದೆ. ಬಾಕಿಯನ್ನು ಓದಿ ಹೇಳುವುದೂ ವ್ಯರ್ಥವೆಂದು ನಾನು ಎಣಿಸುವುದಿಲ್ಲ, ಆದರೆ ಎರಡನ್ನೂ ಒಂದೇ ಎಂದು ತಿಳಿಯಬಾರದು.

ಶಾಂತಿ ದಿನದ ವಿಚಾರದಲ್ಲಿ ಈ ಬಾಕಿ ಎಷ್ಟು ಕ್ರೂರವಾಗಿ ಕಣ್ಣೆದುರು ಬಂತೆಂದರೆ, 1981ರಿಂದ ಸಾಮಾನ್ಯ ಸಭೆಯ ಅಧಿವೇಶನ ಆರಂಭವಾಗುವ ದಿನಕ್ಕೆ ಕಟ್ಟಿಕೊಂಡು ಸರಿದಾಡುತ್ತಿದ್ದ ಅದನ್ನು ಸೆಪ್ಟೆಂಬರ್ 21ಕ್ಕೆ ಖಾಯಂ ಮಾಡುವ ನಿರ್ಣಯ ನ್ಯೂಯಾರ್ಕಿನಲ್ಲಿ ಅಂಗೀಕಾರವಾದದ್ದು 2001ರ ಸೆಪ್ಟೆಂಬರ್ 7ರಂದು. ನಾಲ್ಕು ದಿನ ಕಳೆದು ಅದೇ ಊರಿನಲ್ಲಿ ಅವಳಿ ಗೋಪುರಗಳು ಉರುಳಿದವು. ಹಲವು ದೇಶಗಳ ಜನ ಕೊಟ್ಟ ನಾಣ್ಯಗಳನ್ನು ಕರಗಿಸಿ ಎರಕ ಹೊಯ್ದು ಜಪಾನ್ 1954ರಲ್ಲಿ ಕಾಣಿಕೆಯಿತ್ತ ಶಾಂತಿ ಗಂಟೆಯನ್ನು ವಿಶ್ವಸಂಸ್ಥೆಯ ಅಂಗಳದಲ್ಲಿ ಈಗಲೂ ಪ್ರತಿ ವರ್ಷ ಶಾಂತಿ ದಿನಕ್ಕಾಗಿ ಬಾರಿಸುತ್ತಾರೆ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, “ದಿನಗಳನ್ನು ಸೇರಿಸುತ್ತಲೇ ಹೋಗುತ್ತಾರೆ, ಸರಿ. ಒಮ್ಮೆ ಚಾಲ್ತಿಗೆ ಬಂದ ದಿನವನ್ನು ತೆಗೆದುಹಾಕಿದ್ದುಂಟೇ ಸ್ವಾಮಿ?” ಎಂದು ಕೇಳಿದರು. ಅವರ ಪ್ರಶ್ನೆ ನನ್ನ ಉಪನ್ಯಾಸದಲ್ಲಿದ್ದ ಒಂದು ಕೊರತೆಯನ್ನು ತೋರಿಸಿಕೊಟ್ಟಿತು.

ತೆಗೆದುಹಾಕುವುದು ಅಪರೂಪ, ಹೆಸರು ಬದಲಿಸುವುದೇ ಹೆಚ್ಚು. ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬವಾದ ಮೇ 24ರಂದು ಬ್ರಿಟಿಷರು ಆಚರಿಸುತ್ತಿದ್ದ ಸಾಮ್ರಾಜ್ಯ ದಿನ, ಸಾಮ್ರಾಜ್ಯವೇ ಕರಗಿದ ಮೇಲೆ 1958ರಲ್ಲಿ ಕಾಮನ್‌ವೆಲ್ತ್ ದಿನವೆಂದು ಹೆಸರು ಪಡೆದು, ಮುಂದೆ ಮಾರ್ಚ್ ತಿಂಗಳಿಗೆ ಸರಿಯಿತು. ಆದರೆ ಇದಕ್ಕಿಂತ ದೊಡ್ಡ ಉದಾಹರಣೆ, ನಾವು ಮಾತು ಆರಂಭಿಸಿದ ದಕ್ಷಿಣ ಆಫ್ರಿಕಾದಲ್ಲೇ ಇದೆ. 1838ರ ಡಿಸೆಂಬರ್ 16ರಂದು ‘ರಕ್ತ ನದಿ’ಯೆಂದು ಹೆಸರಾದ ಕಾಳಗದಲ್ಲಿ ಕೆಲವೇ ನೂರು ಬೋಯರ್ (ಡಚ್ ಮೂಲದ ಬಿಳಿಯ) ವಲಸಿಗರು ತಮ್ಮ ಬಂದೂಕುಗಳಿಂದ ಮೂರು ಸಾವಿರದಷ್ಟು ಜುಲು ಯೋಧರನ್ನು ಕೊಂದರು. ಗೆದ್ದರೆ ಆ ದಿನವನ್ನು ದೇವರಿಗೆ ಮೀಸಲಿಡುವುದಾಗಿ ಅವರು ಹರಕೆ ಹೊತ್ತಿದ್ದರು. ಅದು ಜುಲು ದೊರೆಯ ಹೆಸರಿನಲ್ಲಿ ಡಿಂಗಾನ್ ದಿನವೆಂದು ರಜೆಯಾಯಿತು, 1952ರಲ್ಲಿ ಒಡಂಬಡಿಕೆಯ ದಿನವಾಯಿತು, 1980ರಲ್ಲಿ ಹರಕೆಯ ದಿನವಾಯಿತು. ಬಿಳಿಯರ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿಯಲು ನಿರ್ಧರಿಸಿದ ಮಂಡೇಲಾ ಮತ್ತು ಸಂಗಡಿಗರ ‘ಉಮ್ಖೊಂಟೊ ವೆ ಸಿಜ್ವೆ’ ತನ್ನ ಮೊದಲ ಸ್ಫೋಟಗಳಿಗೆ 1961ರ ಡಿಸೆಂಬರ್ 16ನ್ನೇ ಆರಿಸಿಕೊಂಡಿತು. 1994ರಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರ, ಎರಡೂ ಕಡೆಯವರ ನೆನಪು ಅಂಟಿಕೊಂಡಿದ್ದ ಆ ರಜೆಯನ್ನು ಅಳಿಸದೆ, ಸಮನ್ವಯದ ದಿನ ಎಂದು ಹೆಸರಿಟ್ಟಿತು. 1995ರ ಡಿಸೆಂಬರ್ 16ರಂದು, ಅದರ ಮೊದಲ ಆಚರಣೆಯ ದಿನವೇ, ವರ್ಣಭೇದ ಆಳ್ವಿಕೆಯ ಕಾಲದ ದೌರ್ಜನ್ಯಗಳ ವಿಚಾರಣೆಗೆಂದು ನೇಮಕವಾದ, ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಮನ್ವಯ ಆಯೋಗ ಮೊದಲ ಸಭೆ ಸೇರಿತು.

ಪ್ರಿಟೋರಿಯಾದ ಗುಡ್ಡವೊಂದರ ಮೇಲೆ ಬೋಯರ್ ವಲಸಿಗರ ನೆನಪಿಗೆ 1949ರಲ್ಲಿ ಮುಗಿಸಿದ ಭಾರಿ ಕಲ್ಲಿನ ಕಟ್ಟಡವಿದೆ. ಅದರ ಗುಮ್ಮಟದಲ್ಲಿ ಒಂದು ಕಂಡಿ ಬಿಟ್ಟಿದ್ದಾರೆ. ಡಿಸೆಂಬರ್ 16ರ ನಡುಹಗಲಿಗೆ ಸರಿಯಾಗಿ ಬಿಸಿಲಿನ ಕೋಲು ಆ ಕಂಡಿಯಿಂದ ಇಳಿದು ಕೆಳಗಿನ ಸ್ಮಾರಕ ಶಿಲೆಯ ಅಕ್ಷರಗಳ ಮೇಲೆ ಬೀಳುವಂತೆ ಲೆಕ್ಕ ಹಾಕಿ ಕಟ್ಟಿದ್ದು. ದಿನದ ಹೆಸರು ಬದಲಾಗಿ ಮೂರು ದಶಕಗಳಾದವು. ಬಿಸಿಲು ಈಗಲೂ ಅದೇ ಹೊತ್ತಿಗೆ ಅಲ್ಲಿಗೇ ಬೀಳುತ್ತದೆ.